ಆರನೇ ಕ್ಲಾಸಿಗೆ ಯಾವ ಶಾಲೆ? ತಲೆ ಎಣಿಸಿ ತೀರ್ಮಾನ ಮಾಡಬೇಡಿ

ಏಪ್ರಿಲ್ ಮುಗಿಯುವಷ್ಟರಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದೇ ಪ್ರಶ್ನೆ. ಐದನೇ ಕ್ಲಾಸು ಮುಗಿಯಿತು, ಆರಕ್ಕೆ ಎಲ್ಲಿಗೆ? ಊರಿನ ಶಾಲೆಯಲ್ಲೇ ಮುಂದುವರಿಸುವುದಾ, ಹೋಬಳಿಯ ದೊಡ್ಡ ಸರ್ಕಾರಿ ಶಾಲೆಗೆ ಹಾಕುವುದಾ, ವ್ಯಾನ್ ಬರುವ ಖಾಸಗಿ ಶಾಲೆಗಾ, ಇಲ್ಲ ಬೆಂಗಳೂರಿನ ಚಿಕ್ಕಪ್ಪನ ಮನೆಗಾ?

ಡೇರಿ ಮುಂದೆ ಹಾಲು ಅಳೆಯುವಾಗ, ಅರಳಿಕಟ್ಟೆ ಮೇಲೆ, ವಾಟ್ಸಾಪ್ ಗ್ರೂಪಿನಲ್ಲಿ ಇದೇ ಚರ್ಚೆ. ಚರ್ಚೆ ಆಗುವುದು ಒಳ್ಳೆಯದೇ. ಆದರೆ ಅಲ್ಲಿ ಎಲ್ಲರೂ ಹಿಡಿಯುವ ಅಳತೆಗೋಲು ಒಂದೇ: "ಆ ಸ್ಕೂಲಲ್ಲಿ ಮಕ್ಕಳು ಎಷ್ಟಿದ್ದಾರೆ?" ಇನ್ನೂರು ಇದ್ದರೆ ಒಳ್ಳೆಯ ಶಾಲೆ. ನಲವತ್ತು ಇದ್ದರೆ, "ಅಯ್ಯೋ, ಅಲ್ಲಿ ಯಾರಿದ್ದಾರೆ ಬಿಡಿ."

ಈ ಅಳತೆಗೋಲು ತಪ್ಪು ಅನ್ನುವುದು ನನ್ನ ವಾದ. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ನಮ್ಮ ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳು ಒಂದೊಂದಾಗಿ ಸೊರಗುತ್ತಿರುವುದರಲ್ಲಿ ಇದರ ಪಾಲೂ ಇದೆ.

ಎರಡು ಬೆಂಗಳೂರು ದಕ್ಷಿಣ

ನಾನು ವಾಸ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಸುದ್ದಿಗೆ ಓಡಾಡುವುದು ಮಾಗಡಿ, ಕನಕಪುರ, ಹಾರೋಹಳ್ಳಿ ಕಡೆ. ಹನುಮಂತನಗರದ ಕ್ರಾಸುಗಳಲ್ಲಿ, ಪಕ್ಕದ ಶ್ರೀನಗರ, ಗವಿಪುರದ ವಠಾರಗಳಲ್ಲಿ ನಮ್ಮ ತಾಲ್ಲೂಕುಗಳವರು ಸಿಗುತ್ತಲೇ ಇರುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿ, ಮಕ್ಕಳು ಇಲ್ಲಿ. ಅಪ್ಪ ಹಸು, ಹೊಲ ನೋಡಿಕೊಂಡು ಊರಲ್ಲಿ. ಯಾಕೆ ಬಂದಿರಿ ಅಂದರೆ "ಮಕ್ಕಳ ಓದಿಗೆ" ಅನ್ನುತ್ತಾರೆ. ಊರಿನ ಶಾಲೆಗೆ ಏನಾಗಿತ್ತು ಎಂದು ಕೇಳಿದರೆ ಬರುವ ಉತ್ತರ, "ಅಲ್ಲಿ ಮಕ್ಕಳೇ ಇಲ್ಲ." ಅಲ್ಲಿ ಪಾಠ ಹೇಗಿತ್ತು ಎಂಬ ಮಾತು ಬರುವುದು ಅಪರೂಪ.

ಹೋಲಿಕೆ ಮಾಡುವವರಿಗೆ ಇನ್ನೊಂದು ಗೊಂದಲವೂ ಇದೆ. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಶಿಕ್ಷಣ ಇಲಾಖೆಯಲ್ಲಿ ಅದಕ್ಕೂ ಮುಂಚಿನಿಂದ ಬೇರೊಂದು ಬೆಂಗಳೂರು ದಕ್ಷಿಣ ಇದೆ. ಅದು ಬೆಂಗಳೂರು ನಗರದ ಒಂದು ಶೈಕ್ಷಣಿಕ ಜಿಲ್ಲೆ. ಅದರೊಳಗೆ ಹನುಮಂತನಗರದಂಥ ಪೇಟೆ ಬಡಾವಣೆಗಳೂ ಬರುತ್ತವೆ, ಆನೇಕಲ್ ತಾಲ್ಲೂಕಿನ ಹಳ್ಳಿಗಳೂ ಬರುತ್ತವೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗಳ ಸ್ಥಾನದ ಪಟ್ಟಿ ಫೋನಿಗೆ ಬರುತ್ತದಲ್ಲ, ಅದರಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲವೂ ಸೇರಿ ಒಂದು ಸಂಖ್ಯೆ ಆಗಿರುತ್ತದೆ. ಅದನ್ನು ನೋಡಿ ನಿಮ್ಮ ಊರಿನ ಆರನೇ ಕ್ಲಾಸಿನಲ್ಲಿ ಗಣಿತ ಪಾಠ ನಡೆಯುತ್ತಿದೆಯಾ ಎಂದು ತಿಳಿಯಲು ಸಾಧ್ಯವಿಲ್ಲ. ಹೋಲಿಕೆ ಮಾಡುವುದಾದರೆ ಶಾಲೆಗೂ ಶಾಲೆಗೂ ಮಾಡಬೇಕು. ಜಿಲ್ಲೆಗೂ ಜಿಲ್ಲೆಗೂ ಮಾಡಿದರೆ ನಮಗೆ ಉಪಯೋಗವಿಲ್ಲ.

ಮಕ್ಕಳ ಸಂಖ್ಯೆ ಏನು ಹೇಳುತ್ತದೆ?

ಒಂದು ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಸಂಖ್ಯೆ ಹೇಳುವುದು ಒಂದೇ ವಿಷಯ: ಇಷ್ಟು ಜನ ತಂದೆತಾಯಿ ಆ ಶಾಲೆಯನ್ನು ಆರಿಸಿದ್ದಾರೆ. ಅವರು ಯಾಕೆ ಆರಿಸಿದರು? ಪಕ್ಕದ ಮನೆಯವರು ಆರಿಸಿದರು ಅಂತ. ಪಕ್ಕದ ಮನೆಯವರು ಯಾಕೆ? ಅಲ್ಲಿ ಮಕ್ಕಳು ಜಾಸ್ತಿ ಇದ್ದಾರೆ ಅಂತ. ಒಬ್ಬರ ಬೆನ್ನು ನೋಡಿಕೊಂಡು ಇನ್ನೊಬ್ಬರು ನಡೆದ ಹಾಗೆ ಇದು. ಮುಂದೆ ಹೋಗುತ್ತಿರುವವನಿಗೆ ದಾರಿ ಗೊತ್ತಿದೆಯಾ ಎಂದು ಯಾರೂ ಕೇಳುವುದಿಲ್ಲ.

ಆದರೆ ಸರ್ಕಾರದ ಲೆಕ್ಕಪುಸ್ತಕದಲ್ಲಿ ಈ ಸಂಖ್ಯೆಗೆ ಬೆಲೆ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಬರುವ ವಾರ್ಷಿಕ ಅನುದಾನವನ್ನೇ ನೋಡಿ. ಮಾನದಂಡದ ಪ್ರಕಾರ 30 ಮಕ್ಕಳವರೆಗೆ 10,000 ರೂ., 100 ಮಕ್ಕಳವರೆಗೆ 25,000 ರೂ., 250ರವರೆಗೆ 50,000 ರೂ. ಸೀಮೆಸುಣ್ಣ, ಕರೆಂಟು ಬಿಲ್ಲು, ಸಣ್ಣಪುಟ್ಟ ರಿಪೇರಿ, ಶೌಚಾಲಯದ ಸ್ವಚ್ಛತೆ ಎಲ್ಲ ಇದರಲ್ಲೇ. ಶಿಕ್ಷಕರ ಹುದ್ದೆಯೂ ದಾಖಲಾತಿಯ ಮೇಲೆಯೇ ನಿಂತಿದೆ. ಮಕ್ಕಳು ಕಡಿಮೆಯಾದರೆ ಒಬ್ಬ ಶಿಕ್ಷಕರು "ಹೆಚ್ಚುವರಿ" ಆಗುತ್ತಾರೆ, ಬೇರೆ ಶಾಲೆಗೆ ಹೋಗುತ್ತಾರೆ.

ಈಗ ಚಕ್ರ ಹೇಗೆ ಸುತ್ತುತ್ತದೆ ನೋಡಿ. ಐದಾರು ಮನೆಯವರು ಟಿಸಿ ತೆಗೆಯುತ್ತಾರೆ. ಒಬ್ಬ ಶಿಕ್ಷಕರು ಹೆಚ್ಚುವರಿ ಆಗಿ ಹೋಗುತ್ತಾರೆ. ಉಳಿದವರು ಎರಡೆರಡು ತರಗತಿ ಒಟ್ಟಿಗೆ ಕೂರಿಸುತ್ತಾರೆ. ಅದನ್ನು ಕಂಡು ಇನ್ನಷ್ಟು ಮನೆಯವರು ಟಿಸಿ ತೆಗೆಯುತ್ತಾರೆ. ಕೊನೆಗೆ ಒಂದು ದಿನ "ಈ ಶಾಲೆಯಲ್ಲಿ ಮಕ್ಕಳಿಲ್ಲ, ಪಕ್ಕದ ಶಾಲೆಗೆ ಸೇರಿಸೋಣ" ಎಂಬ ಮಾತು ಬರುತ್ತದೆ. ರಾಜ್ಯದಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುತ್ತಿರುವಾಗ, ಸುತ್ತಲಿನ ಸಣ್ಣ ಶಾಲೆಗಳ ಗತಿ ಏನು ಎಂಬ ಪ್ರಶ್ನೆ ಇದಕ್ಕೇ ಇಷ್ಟು ಬಿಸಿ ಆಗಿದೆ.

ಅಂಕಪಟ್ಟಿಯೂ ಇಲ್ಲ

ಹೈಸ್ಕೂಲಿಗಾದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಇದೆ. ಆರು, ಏಳನೇ ತರಗತಿಗೆ ಹಾಗೆ ಒಂದೇ ಅಳತೆಯಲ್ಲಿ ತೂಗುವ ಫಲಿತಾಂಶವೇ ಇಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಈಗಿಲ್ಲ. 2023-24ರಲ್ಲಿ 5, 8 ಮತ್ತು 9ನೇ ತರಗತಿಗಳಿಗೆ ಬೋರ್ಡ್ ಪರೀಕ್ಷೆ ನಡೆಸಿದರು. ಅದು ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಬೇಕು ಎಂದು ನಾನು ಹೇಳುತ್ತಿಲ್ಲ. ಅಳತೆ ಇಲ್ಲದ ಕಡೆ ಗಾಳಿಮಾತೇ ಅಳತೆಯಾಗುತ್ತದೆ ಎಂದು ಹೇಳುತ್ತಿದ್ದೇನೆ.

ಹೋಲಿಸುವಾಗ ಇನ್ನೊಂದು ಅನ್ಯಾಯವೂ ಆಗುತ್ತದೆ. ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ, ಎಲ್ಲವೂ ಮಕ್ಕಳನ್ನು ತೆಗೆದುಕೊಳ್ಳುವುದು ಆರನೇ ತರಗತಿಗೆ. ನವೋದಯದಲ್ಲಿ ಶಾಲೆಗೆ 80 ಸೀಟು, ಅದೂ ಪರೀಕ್ಷೆ ಬರೆಸಿ. ಅಂದರೆ ಊರಿನ ಶಾಲೆಯಲ್ಲಿ ಐದನೇ ತರಗತಿವರೆಗೆ ಚೆನ್ನಾಗಿ ಓದಿದ ಒಬ್ಬಿಬ್ಬರು ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಅದು ಊರಿಗೇ ಹೆಮ್ಮೆ. ಆಮೇಲೆ "ಮೊರಾರ್ಜಿ ಮಕ್ಕಳು ನೋಡಿ ಹೇಗಿದ್ದಾರೆ, ನಮ್ಮ ಶಾಲೆ ಮಕ್ಕಳು ನೋಡಿ ಹೇಗಿದ್ದಾರೆ" ಎಂದರೆ ಹೇಗೆ? ಆ ಮಗುವಿಗೆ ಅಕ್ಷರ ಕಲಿಸಿ ಪರೀಕ್ಷೆಗೆ ಕಳಿಸಿದ್ದು ಇದೇ ಊರಿನ ಶಾಲೆಯ ಮೇಷ್ಟ್ರು, ಮೇಡಂ. ಕೆನೆ ತೆಗೆದ ಮೇಲೆ ಹಾಲು ತೆಳುವಾಗಿದೆ ಎಂದು ದೂರುವುದು ಸರಿಯಲ್ಲ.

ಹಾಗಾದರೆ ಹೋಲಿಸಬೇಕಾದ್ದು ಯಾವುದು?

ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ ಇವೆಲ್ಲ ಎಲ್ಲ ಸರ್ಕಾರಿ ಶಾಲೆಗೂ ಒಂದೇ ಯೋಜನೆಯಲ್ಲಿ ಬರುತ್ತವೆ. ಕಟ್ಟಡದ ಬಣ್ಣ ಬಿಡಿ. ಬಿಡದಿ ಸುತ್ತಮುತ್ತ ಕೆಲವು ಶಾಲೆಗಳಿಗೆ ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ಒಳ್ಳೆಯ ಕಟ್ಟಡ ಆಗಿದೆ, ಸಂತೋಷ. ಕಟ್ಟಡ ಪಾಠ ಮಾಡುವುದಿಲ್ಲ. ಎರಡು ಸರ್ಕಾರಿ ಶಾಲೆಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಈ ನಾಲ್ಕು ವಿಷಯಗಳಲ್ಲಿ.

ಒಂದು: ಆರು, ಏಳಕ್ಕೆ ಗಣಿತ, ವಿಜ್ಞಾನ ಯಾರು ಮಾಡುತ್ತಾರೆ? ಒಟ್ಟು ಶಿಕ್ಷಕರು ಎಷ್ಟು ಎಂದು ಕೇಳಿದರೆ ಸಾಲದು. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ಬೇರೆಯೇ ಲೆಕ್ಕ ಹೇಳುತ್ತದೆ. ತರಗತಿಗೆ ಒಬ್ಬರಾದರೂ ಶಿಕ್ಷಕರು ಇರಬೇಕು. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. 35 ಮಕ್ಕಳಿಗೆ ಒಬ್ಬರು. ಈ ತರಗತಿಗಳಿಗೆಂದೇ ನಮ್ಮ ರಾಜ್ಯದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಹುದ್ದೆ ಇದೆ. 2022ರಲ್ಲಿ ಇಂಥ 15,000 ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಷ್ಟೂ ಹುದ್ದೆ ತುಂಬಲಿಲ್ಲ. ಆಯ್ಕೆ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿ ನೇಮಕವೂ ತಡವಾಯಿತು. ಆದ್ದರಿಂದ ಈ ಪ್ರಶ್ನೆಗೆ ಪ್ರತಿ ಶಾಲೆಯಲ್ಲೂ ಬೇರೆ ಉತ್ತರ ಸಿಗುತ್ತದೆ.

ಉದಾಹರಣೆಗೆ ಎರಡು ಶಾಲೆ ಇವೆ ಅಂದುಕೊಳ್ಳಿ. ಮೊದಲನೆಯದರಲ್ಲಿ 180 ಮಕ್ಕಳು, ಐದು ಶಿಕ್ಷಕರು. ಆರು, ಏಳರಲ್ಲೇ 60 ಮಕ್ಕಳು. ವಿಜ್ಞಾನದ ಶಿಕ್ಷಕರನ್ನು ವಾರದಲ್ಲಿ ಮೂರು ದಿನ ಬೇರೆ ಶಾಲೆಗೆ ನಿಯೋಜಿಸಿದ್ದಾರೆ. ಎರಡನೆಯದರಲ್ಲಿ 48 ಮಕ್ಕಳು, ಮೂರು ಶಿಕ್ಷಕರು. ಆರು, ಏಳರಲ್ಲಿ 14 ಮಕ್ಕಳು. ಮೂವರಲ್ಲಿ ಒಬ್ಬರು ಬಿಎಸ್ಸಿ ಓದಿದವರು, ದಿನಾ ಬರುತ್ತಾರೆ. ಅರಳಿಕಟ್ಟೆ ಲೆಕ್ಕದಲ್ಲಿ ಮೊದಲನೆಯದು ಗೆಲ್ಲುತ್ತದೆ. ಗಣಿತ ಕಲಿಯಬೇಕಾದ ಮಗುವಿನ ಲೆಕ್ಕದಲ್ಲಿ?

ಎರಡು: ವರ್ಷದಲ್ಲಿ ಪಾಠ ನಡೆದದ್ದು ಎಷ್ಟು ದಿನ? ಕಾಯ್ದೆ ಪ್ರಕಾರ ಆರರಿಂದ ಎಂಟಕ್ಕೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ಆಗಬೇಕು. ಆದರೆ ಸರ್ಕಾರಿ ಶಿಕ್ಷಕರಿಗೆ ಪಾಠದ ಜೊತೆ ಚುನಾವಣೆ, ಮತದಾರರ ಪಟ್ಟಿ, ಸಮೀಕ್ಷೆ ಎಲ್ಲವೂ ಇರುತ್ತದೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿದರು. ಕೆಲಸ ಮುಗಿಯಲಿಲ್ಲ ಎಂದು ದಸರಾ ರಜೆ ಮುಗಿದ ಮೇಲೂ ಅಕ್ಟೋಬರ್ 18ರವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ ರಜೆ ಕೊಟ್ಟರು. ಇದರಲ್ಲಿ ಶಿಕ್ಷಕರ ತಪ್ಪೇನೂ ಇಲ್ಲ. ಹೋದ ದಿನಗಳ ಪಾಠವನ್ನು ಯಾವ ಶಾಲೆ ಶನಿವಾರ ಮಧ್ಯಾಹ್ನವೋ ಬೆಳಿಗ್ಗೆ ಬೇಗ ಕೂರಿಸಿಯೋ ತುಂಬಿಕೊಂಡಿತು, ಯಾವ ಶಾಲೆ ಕೈಬಿಟ್ಟಿತು, ಅಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ದಿನದ ಲೆಕ್ಕದಲ್ಲಿ ನಮ್ಮ ಪಾಲೂ ಇದೆ. ರೇಷ್ಮೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಮನೆಯ ಆರನೇ ಕ್ಲಾಸಿನ ಹುಡುಗಿ ಶಾಲೆಯಲ್ಲಿ ಇರುವುದಿಲ್ಲ. ರಾಗಿ ಕೊಯ್ಲಿನಲ್ಲೂ ಅಷ್ಟೇ. ಅಂಥ ದಿನ ಮಾರನೇ ದಿನವೇ ಮನೆಗೆ ಫೋನ್ ಮಾಡಿ "ಯಾಕೆ ಬರಲಿಲ್ಲ" ಎಂದು ಕೇಳುವ ಶಾಲೆ ಯಾವುದೋ ಅದಕ್ಕೆ ಒಂದು ಅಂಕ ಜಾಸ್ತಿ ಕೊಡಿ.

ಮೂರು: ಮಕ್ಕಳಿಗೆ ಓದಲು ಬರುತ್ತದಾ? 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ಹಳ್ಳಿ ಮನೆಗಳಿಗೇ ಹೋಗಿ ಮಾಡುವ ಪರೀಕ್ಷೆ ಬಹಳ ಸರಳ. ಮಗುವಿನ ಕೈಗೆ ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ ಕೊಡುತ್ತಾರೆ. ಆಮೇಲೆ ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ. ಐದನೇ ತರಗತಿಯ ಎಷ್ಟೋ ಮಕ್ಕಳು ಇಲ್ಲೇ ನಿಲ್ಲುತ್ತಾರೆ ಎಂದು ಆ ಸಮೀಕ್ಷೆ ವರ್ಷವರ್ಷವೂ ಹೇಳುತ್ತಾ ಬಂದಿದೆ. ಇದನ್ನು ನೀವೇ ಮಾಡಬಹುದು. ನೀವು ನೋಡುತ್ತಿರುವ ಶಾಲೆಯಲ್ಲಿ ಏಳನೇ ಕ್ಲಾಸು ಓದುವ, ನಿಮಗೆ ಪರಿಚಯದ ಮೂರು ನಾಲ್ಕು ಮಕ್ಕಳಿಗೆ ದಿನಪತ್ರಿಕೆಯ ಒಂದು ಪ್ಯಾರಾ ಓದಿಸಿ, 437ನ್ನು 6ರಿಂದ ಭಾಗಿಸಲು ಹೇಳಿ. ವ್ಯಾನ್ ಮೇಲಿನ ಬೋರ್ಡಿಗಿಂತ ಹೆಚ್ಚು ಗೊತ್ತಾಗುತ್ತದೆ. ಒಂದೇ ಎಚ್ಚರಿಕೆ, ಮಕ್ಕಳಿಗೆ ಅವಮಾನ ಆಗುವಂತೆ ನಾಲ್ಕು ಜನರ ಮುಂದೆ ಮಾಡಬೇಡಿ.

ಇಂಗ್ಲಿಷ್ ಮಾಧ್ಯಮದ ಮಾತೂ ಇಲ್ಲೇ ಬರುತ್ತದೆ. 2019-20ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಲೆಕ್ಕ ಹಾಕಿ: ಆ ಮೊದಲ ತಂಡದ ಮಕ್ಕಳು ಆರನೇ ತರಗತಿಗೆ ಬಂದದ್ದು 2024-25ರಲ್ಲಿ. ಅಂದರೆ ಈ ಶಾಲೆಗಳಲ್ಲಿ ವಿಜ್ಞಾನ, ಸಮಾಜವನ್ನು ಆರು, ಏಳರ ಮಟ್ಟದಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೆಲಸ ಈಗಷ್ಟೇ ಶುರುವಾಗಿದೆ. "ಇಂಗ್ಲಿಷ್ ಮೀಡಿಯಂ ಇದೆ" ಎಂದರೆ "ಸರಿ, ವಿಜ್ಞಾನ ಇಂಗ್ಲಿಷಿನಲ್ಲಿ ಯಾರು ಮಾಡುತ್ತಾರೆ?" ಎಂದು ಕೇಳಿ. ಹೆಸರು ಹೇಳಿದರೆ ಸರಿ. ಹೇಳದಿದ್ದರೆ ಅದು ಬರೀ ಬೋರ್ಡು.

ನಾಲ್ಕು: ದಾರಿ ಮತ್ತು ಶೌಚಾಲಯ. ಆರರಿಂದ ಎಂಟನೇ ತರಗತಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ಬಯಲು ಸೀಮೆಯ ಟಾರು ರಸ್ತೆಯ ಮೂರು ಕಿಲೋಮೀಟರ್ ಬೇರೆ, ಬನ್ನೇರುಘಟ್ಟ, ಕಾವೇರಿ ಕಾಡಂಚಿನ ಕನಕಪುರ, ಹಾರೋಹಳ್ಳಿ ಹಳ್ಳಿಗಳ ಮೂರು ಕಿಲೋಮೀಟರ್ ಬೇರೆ. ಅಲ್ಲಿ ಬೆಳಗಿನ ಹೊತ್ತು ಆನೆ ಇಳಿದಿದೆ ಎಂದರೆ ಆ ದಿನ ಹಾಜರಿ ಇಲ್ಲ. ಶಾಲೆ ಇನ್ನೂ ದೂರ ಆದರೆ ಮೊದಲು ಬಿಡುವುದು ಹೆಣ್ಣುಮಕ್ಕಳು. ಆರು, ಏಳನೇ ತರಗತಿ ಅಂದರೆ ಹುಡುಗಿಯರು ಮೈನೆರೆಯುವ ವಯಸ್ಸು. ಶೌಚಾಲಯದಲ್ಲಿ ನೀರು ಬರುತ್ತದಾ, ಬಾಗಿಲಿಗೆ ಚಿಲಕ ಇದೆಯಾ ಎಂದು ನೋಡುವುದು ಸಣ್ಣ ವಿಷಯ ಅಲ್ಲ. ಅಮ್ಮಂದಿರು ಹೋಗಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಜೊತೆಗೆ ಇನ್ನೊಂದು ಗಮನಿಸಿ. ನಮ್ಮ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ನಿಲ್ಲುತ್ತವೆ, ಕೆಲವು ಎಂಟರವರೆಗೆ ಇವೆ. ಆರಕ್ಕೆ ಒಮ್ಮೆ ಶಾಲೆ ಬದಲಿಸಿ, ಎಂಟಕ್ಕೆ ಮತ್ತೆ ಬದಲಿಸಿದರೆ ಮಗು ಮೂರು ವರ್ಷದಲ್ಲಿ ಮೂರು ಶಾಲೆ ನೋಡಿದಂತಾಗುತ್ತದೆ.

ಈ ಮಾಹಿತಿ ಎಲ್ಲಿ ಸಿಗುತ್ತದೆ?

ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಅರ್ಧ ಸಿಗುತ್ತದೆ. ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಯ ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಈ ಸಂಖ್ಯೆ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ ಎಷ್ಟು ಎಂಬ ಶಾಲೆಯ ವರದಿ ಕಾರ್ಡ್ ಸಿಗುತ್ತದೆ. ಅದು ಶಾಲೆಯವರೇ ವರ್ಷಕ್ಕೊಮ್ಮೆ ತುಂಬಿದ ಮಾಹಿತಿ. ಆದ್ದರಿಂದ ಕಣ್ಣಾರೆ ಕಂಡದ್ದರ ಜೊತೆ ತಾಳೆ ನೋಡಿ.

ಉಳಿದರ್ಧ ಎಸ್‌ಡಿಎಂಸಿಯಲ್ಲಿದೆ. ಕಾಯ್ದೆ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಇದು ಸ್ವಾತಂತ್ರ್ಯ ದಿನದ ಸಿಹಿ ಹಂಚುವ ಸಮಿತಿ ಅಲ್ಲ. ಶಾಲಾ ಅಭಿವೃದ್ಧಿ ಯೋಜನೆ ಮಾಡುವ, ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವ ಸಮಿತಿ. ಅಲ್ಲೂ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಇದೇ ಪ್ರಶ್ನೆಯನ್ನು ಮಕ್ಕಳೇ ಕೇಳಲಿ.

ಇದಕ್ಕೆ ಎದುರು ಮಾತೂ ಇದೆ

"ನೀವು ಹೇಳುವುದು ಸರಿ. ಆದರೆ ಆರನೇ ಕ್ಲಾಸಲ್ಲಿ ಮೂರೇ ಮಕ್ಕಳು ಇದ್ದರೆ ಅದು ಶಾಲೆಯಾ? ಕಬಡ್ಡಿ ತಂಡವೂ ಆಗುವುದಿಲ್ಲ" ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ. ಮಗುವಿಗೆ ಮೇಷ್ಟ್ರಷ್ಟೇ ಸಾಲದು, ಜೊತೆಗಾರರೂ ಬೇಕು. ಒಬ್ಬರೇ ಶಿಕ್ಷಕರು ಏಳೂ ತರಗತಿ ನೋಡುವ ಶಾಲೆಯಲ್ಲಿ ಮಗುವನ್ನು ಉಳಿಸಿ ಎಂದು ನಾನು ಯಾವ ತಾಯಿಗೂ ಹೇಳಲಾರೆ. ಶಾಲೆ ಉಳಿಸುವ ಭಾರವನ್ನು ಹನ್ನೊಂದು ವರ್ಷದ ಮಗುವಿನ ಹೆಗಲ ಮೇಲೆ ಹಾಕುವುದು ತಪ್ಪು. ಊರು ಬಿಟ್ಟು ಬಂದ ಹನುಮಂತನಗರದ ತಾಯಂದಿರನ್ನೂ ನಾನು ದೂರುವುದಿಲ್ಲ.

ಕೆಲವು ಕಡೆ ಎರಡು ಶಾಲೆಗಳ ಆರು, ಏಳನ್ನು ಒಂದು ಕಡೆ ಸೇರಿಸುವುದೇ ಮೇಲು ಎನಿಸಬಹುದು. ಹಾಗೆ ಮಾಡುವುದಾದರೆ ಮೂರು ಷರತ್ತು ಇರಲಿ. ಮೊದಲು ವಾಹನ ಬರಲಿ, ಆಮೇಲೆ ಬೀಗ ಬೀಳಲಿ. ಒಂದರಿಂದ ಐದು ಊರಲ್ಲೇ ಉಳಿಯಲಿ. ಸೇರಿಸುವ ಮುಂಚೆ ಎರಡೂ ಶಾಲೆಗಳ ಶಿಕ್ಷಕರ ಪಟ್ಟಿಯನ್ನು ವಿಷಯವಾರು ಊರ ಮುಂದೆ ಇಡಲಿ. ಬರೀ ಮಕ್ಕಳ ತಲೆ ಎಣಿಸಿ ತೆಗೆದುಕೊಳ್ಳುವ ತೀರ್ಮಾನಕ್ಕೆ ಗ್ರಾಮಸಭೆ ಒಪ್ಪಬಾರದು.

2019ರಿಂದ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವ ಕಡೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಉಚಿತ ಸೀಟು ಕೊಡುವುದಿಲ್ಲ. "ಸರ್ಕಾರಿ ಶಾಲೆ ಇದೆಯಲ್ಲ, ಅಲ್ಲಿಗೇ ಹೋಗಿ" ಎಂದು ಸರ್ಕಾರವೇ ಹೇಳಿದೆ. ಹಾಗೆ ಹೇಳಿದ ಮೇಲೆ ಆ ಶಾಲೆಯಲ್ಲಿ ಗಣಿತಕ್ಕೆ ಒಬ್ಬರನ್ನು ಕೊಡುವುದು ಉಪಕಾರವಲ್ಲ, ಬಾಕಿ ಇರುವ ಸಾಲ.

ಗೇಟಿನ ಮೇಲೆ ಒಂದು ಬೋರ್ಡು

ಇಲಾಖೆಗೆ ನನ್ನ ಕೋರಿಕೆ ಒಂದೇ. ಪ್ರತಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿನಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಬೋರ್ಡು ಹಾಕಿ. ಅದರಲ್ಲಿ ನಾಲ್ಕೇ ಸಾಲು ಸಾಕು: ಆರು, ಏಳಕ್ಕೆ ಯಾವ ವಿಷಯ ಯಾರು ಕಲಿಸುತ್ತಾರೆ, ಖಾಲಿ ಹುದ್ದೆ ಎಷ್ಟು, ಎಂದಿನಿಂದ, ಈ ವರ್ಷ ಪಾಠ ನಡೆದ ದಿನ ಎಷ್ಟು, ಏಳನೇ ತರಗತಿಯಲ್ಲಿ ಸರಾಗವಾಗಿ ಓದಬಲ್ಲ ಮಕ್ಕಳೆಷ್ಟು. ಒಂದು ಡಬ್ಬ ಬಣ್ಣದ ಖರ್ಚು. ಒಳ್ಳೆಯ ಸಣ್ಣ ಶಾಲೆಗಳ ಮರ್ಯಾದೆ ಇದರಿಂದ ಉಳಿಯುತ್ತದೆ, ಸೊರಗಿದ ಶಾಲೆಗೆ ಏನು ಬೇಕು ಎಂಬುದು ಊರಿಗೇ ಕಾಣುತ್ತದೆ.

ಬೋರ್ಡು ಬರುವವರೆಗೆ ಕೆಲಸ ನಮ್ಮದು. ಟಿಸಿಗೆ ಅರ್ಜಿ ಕೊಡುವ ಮುಂಚೆ ಒಂದು ಬೆಳಿಗ್ಗೆ ಎರಡೂ ಶಾಲೆಗೆ ಹೋಗಿ ಬನ್ನಿ. ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ನಿಂತು ನೋಡಿ, ಆರನೇ ಕ್ಲಾಸಿಗೆ ಯಾರು ಹೋದರು, ಏನು ಶುರು ಮಾಡಿದರು ಅಂತ. ಹಸು ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ. ಮಗುವಿನ ಶಾಲೆಗೆ ಒಂದು ಬೆಳಿಗ್ಗೆಯಾದರೂ ಕೊಡೋಣ.